ಮಕ್ಕಳ ಆಟಕ್ಕೆ ಲೆನ್ಸ್: ಮೊದಲು ನಿಲ್ಲುವ ಜಾಗ, ಆಮೇಲೆ ಎಂಎಂ

ನಮ್ಮ ಮೈಸೂರು ಭಾಗದಲ್ಲಿ ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ನಡೆಯುವುದು ಮಳೆಗಾಲದಲ್ಲಿ. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟ ಎಂದು ಒಂದರ ಹಿಂದೆ ಒಂದು ಬರುತ್ತವೆ. ಮೋಡ ಕವಿದ ಆಕಾಶ, ಒದ್ದೆ ಮಣ್ಣು, ಅರ್ಧ ಅಳಿಸಿದ ಸುಣ್ಣದ ಗೆರೆ, ಅದರ ನಡುವೆ ಪಣ ತೊಟ್ಟಂತೆ ಆಡುವ ಮಕ್ಕಳು. ಸ್ಟುಡಿಯೊ ನಡೆಸುವ ನನಗೆ ಮದುವೆಯ ಕೆಲಸದಷ್ಟು ಹಣ ಇದರಲ್ಲಿ ಸಿಗುವುದಿಲ್ಲ. ಆದರೂ ನನಗೆ ಅತ್ಯಂತ ಪ್ರಿಯವಾದ ಕೆಲಸ ಇದೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಬಳಿಕ ಖೋ ಖೋ ಅಂಕಣದ ಸುತ್ತ ಕ್ಯಾಮೆರಾ ಹಿಡಿದು ನಿಲ್ಲುವ ಅಪ್ಪ ಅಮ್ಮಂದಿರು ಹೆಚ್ಚಾಗಿ ಕಾಣುತ್ತಿದ್ದಾರೆ. ಅವರಲ್ಲಿ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: "ಸರ್, ಮಗಳ ಆಟ ತೆಗೆಯಬೇಕು. ಎಷ್ಟು ಎಂಎಂ ಲೆನ್ಸ್ ಕೊಳ್ಳಲಿ? 300 ಸಾಕೇ?"

ಎಂಎಂ ಎಂದರೆ ಲೆನ್ಸ್‌ನ ನಾಭಿದೂರ; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ನಾನು ತಿರುಗಿ ಕೇಳುವ ಪ್ರಶ್ನೆ ಎರಡು. ನೀವು ಎಲ್ಲಿ ನಿಲ್ಲುತ್ತೀರಿ? ಆಟ ನಡೆಯುವಾಗ ಬೆಳಕು ಹೇಗಿರುತ್ತದೆ? ಕಡಿಮೆ ಹಣದಲ್ಲಿ ಲೆನ್ಸ್ ಆರಿಸುವವರಿಗೆ ಎಂಎಂಗಿಂತ ಮೊದಲು ಬೇಕಾದದ್ದು ಈ ಎರಡು ಉತ್ತರಗಳು. ಹಣ ಎಷ್ಟಾದರೂ ಇದ್ದರೆ 70-200 ಎಂಎಂ ಎಫ್/2.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ) ಕೊಂಡು ನೆಮ್ಮದಿಯಾಗಿರಬಹುದು. ಆದರೆ ಕ್ಯಾನನ್ ಆಗಲಿ ನಿಕಾನ್ ಆಗಲಿ, ಹೊಸದಕ್ಕೆ ಲಕ್ಷ ದಾಟುತ್ತದೆ. ಮಗುವಿನ ಆಟದ ನೆನಪಿಗಾಗಿ ಅಷ್ಟು ಖರ್ಚು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಲೆಕ್ಕ ಹೀಗಿದೆ. ಕ್ಯಾನನ್‌ನ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ, ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ ಫಲಕ) ಮೇಲೆ 85 ಎಂಎಂ ಲೆನ್ಸ್ ಹಾಕಿ ಹತ್ತು ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನಲ್ಲಿ ಸುಮಾರು ಎರಡೂವರೆ ಮೀಟರ್ ಅಗಲದ ಜಾಗ ಕಾಣುತ್ತದೆ. ಮೈಚಾಚಿ ಹಾರುವ ಒಂದು ಮಗುವಿಗೆ ಅದು ಹೇಳಿ ಮಾಡಿಸಿದ ಅಳತೆ. 250 ಎಂಎಂ ಲೆನ್ಸ್‌ನಲ್ಲಿ ಇದೇ ಚೌಕಟ್ಟು ಸಿಗಬೇಕಾದರೆ ಸುಮಾರು ಮೂವತ್ತು ಮೀಟರ್ ದೂರದಲ್ಲಿ ನಿಂತಿರಬೇಕು. ಅಂದರೆ ಇಪ್ಪತ್ತು ಮೀಟರ್ ಹತ್ತಿರ ಹೋಗಲು ಅವಕಾಶವಿದ್ದವರಿಗೆ ಉದ್ದ ಲೆನ್ಸ್ ಬೇಕಾಗಿಯೇ ಇಲ್ಲ. ಖೋ ಖೋ ಅಂಕಣದ ಉದ್ದ 27 ಮೀಟರ್, ಅಗಲ 16 ಮೀಟರ್. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹುಡುಗಿಯರದು ಇನ್ನೂ ಚಿಕ್ಕದು. ನಮ್ಮ ಶಾಲೆಗಳಲ್ಲಿ ಹೆಚ್ಚು ಆಡುವ ಆಟಗಳೆಲ್ಲ ಹತ್ತಿರ ನಿಂತು ತೆಗೆಯಬಹುದಾದವೇ.

ಹತ್ತಿರ ಹೋಗುವುದರಿಂದ ಸಿಗುವ ದೊಡ್ಡ ಲಾಭ ಬೆಳಕು. ಅಗ್ಗದ ಜೂಮ್ ಲೆನ್ಸ್ ಪೂರ್ತಿ ಉದ್ದಕ್ಕೆ ಹೋದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 85 ಎಂಎಂ ಎಫ್/1.8 ಲೆನ್ಸನ್ನು ಎಫ್/2ರಲ್ಲಿ ಇಟ್ಟರೂ ಅದಕ್ಕಿಂತ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಜೂಮ್ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ; ಏರಿಸಿದಷ್ಟೂ ಚುಕ್ಕೆ ಹೆಚ್ಚು) 6400 ಕೇಳುವ ಕಡೆ ಇದಕ್ಕೆ 800 ಸಾಕು. ಮೋಡ ಮುಸುಕಿದ ಸಂಜೆ ನಾಲ್ಕೂವರೆಗೆ ಫೈನಲ್ ಪಂದ್ಯ ಶುರುವಾದಾಗ ಈ ವ್ಯತ್ಯಾಸ ಫೋಟೊದಲ್ಲಿ ಎದ್ದು ಕಾಣುತ್ತದೆ. ಒಂದರಲ್ಲಿ ಮಗುವಿನ ಮುಖ ಸ್ವಚ್ಛವಾಗಿರುತ್ತದೆ, ಇನ್ನೊಂದರಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು. ಹಿಂದೆ ನಿಲ್ಲಿಸಿದ ಬೈಕುಗಳು, ಶಾಮಿಯಾನದ ಕಂಬಗಳು ಮಸುಕಾಗಿ ಹಿಂದೆ ಸರಿಯುವುದು ಮತ್ತೊಂದು ಉಪಕಾರ.

ಲೆನ್ಸ್‌ನಲ್ಲಿ ಐಎಸ್ ಅಥವಾ ವಿಆರ್ ಎಂಬ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ, ಕತ್ತಲಲ್ಲೂ ಅದು ಕಾಪಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು. ಓಡುವ ಮಗುವಿನ ಕಾಲನ್ನು ಅದು ನಿಲ್ಲಿಸಲಾರದು. ಅದಕ್ಕೆ ಶಟರ್ ವೇಗವೇ ಬೇಕು: ಚಿಕ್ಕ ಮಕ್ಕಳ ಓಟಕ್ಕೆ ಕನಿಷ್ಠ 1/500 ಸೆಕೆಂಡ್, ಖೋ ಖೋ ಕಂಬದ ಬಳಿಯ ಹಾರಾಟಕ್ಕೆ 1/1000.

ಹಾಗೆಂದು ಜೂಮ್ ಬೇಡ ಎಂದಲ್ಲ. ಫುಟ್‌ಬಾಲ್, ಕ್ರಿಕೆಟ್, ಇನ್ನೂರು ಮೀಟರ್ ಓಟದ ತಿರುವು ಇವಕ್ಕೆಲ್ಲ ಹತ್ತಿರ ಹೋಗಲು ಸಾಧ್ಯವೇ ಇಲ್ಲ. ಅಲ್ಲಿ ಕ್ಯಾನನ್‌ನ 55-250 ಎಂಎಂ ಎಸ್‌ಟಿಎಂ ತರಹದ ಹಗುರ ಜೂಮ್ ಬಹಳ ಒಳ್ಳೆಯ ಆಯ್ಕೆ. ತೂಕ ನಾನೂರು ಗ್ರಾಂಗಿಂತ ಕಡಿಮೆ. ನಿಚ್ಚಳ ಬಿಸಿಲಿದ್ದರೆ ಎಫ್/5.6ರಲ್ಲೂ ಐಎಸ್‌ಒ 200ಕ್ಕೇ 1/1000 ಸಿಗುತ್ತದೆ. ಬಿಸಿಲಿನಲ್ಲಿ ಈ ಲೆನ್ಸ್ ತೆಗೆದ ಚಿತ್ರಕ್ಕೂ ಲಕ್ಷದ ಲೆನ್ಸ್ ತೆಗೆದ ಚಿತ್ರಕ್ಕೂ ಎಂಟು ಇಂಚಿನ ಪ್ರಿಂಟ್‌ನಲ್ಲಿ ಅಂತಹ ಅಂತರ ಕಾಣುವುದಿಲ್ಲ. ಮಗು ಬೆಳಿಗ್ಗೆಯ ಹೊತ್ತು ದೊಡ್ಡ ಮೈದಾನದಲ್ಲಿ ಆಡುತ್ತದೆಯಾದರೆ ಬೇರೆ ಯೋಚನೆ ಮಾಡದೆ ಇದನ್ನೇ ಕೊಳ್ಳಿ.

ಒಳಾಂಗಣದ ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಕರಾಟೆಗೆ ಇದು ಒಗ್ಗುವುದಿಲ್ಲ. ಅಲ್ಲಿ 85, ಅಥವಾ ಜಾಗ ಇಕ್ಕಟ್ಟಾಗಿದ್ದರೆ 50 ಎಂಎಂ ಎಫ್/1.8. ಕಡಿಮೆ ಬೆಲೆಗೆ ಸಿಗುವ 50 ಎಂಎಂ ಚಿಕ್ಕದೆಂದು ಅಸಡ್ಡೆ ಮಾಡಬೇಡಿ. ಫ್ಲ್ಯಾಶ್ ಮಾತ್ರ ಹಾಕಲೇಬೇಡಿ. ಷಟಲ್ ಮೇಲೆ ಕಣ್ಣಿಟ್ಟ ಮಗುವಿನ ಮುಖಕ್ಕೆ ಬೆಳಕು ಹೊಡೆಯುವುದು ಅನ್ಯಾಯ. ಇನ್ನೊಂದು ವಿಷಯ. ಒಳಾಂಗಣದಲ್ಲಿ ಒಂದು ಚಿತ್ರ ಬೆಳಗಿ, ಮುಂದಿನದು ಕಪ್ಪಾಗಿ ಅಥವಾ ಹಳದಿಯಾಗಿ ಬಂದರೆ ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಕಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅನೇಕ ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಶಟರ್ ವೇಗವಾದಾಗ ಆ ಮಿನುಗು ಚಿತ್ರಕ್ಕೆ ಇಳಿಯುತ್ತದೆ. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ.

ಬಳಸಿದ ಲೆನ್ಸ್ ಕೊಳ್ಳುವುದಕ್ಕೆ ನಾನು ಧಾರಾಳವಾಗಿ ಒಪ್ಪಿಗೆ ಕೊಡುತ್ತೇನೆ. ಕ್ಯಾನನ್‌ನ 85 ಎಂಎಂ ಎಫ್/1.8 ಯುಎಸ್‌ಎಂ 1992ರಿಂದ ಬಂದಿರುವ ಲೆನ್ಸ್. ಇಂದಿಗೂ ಅದರ ಫೋಕಸ್ ಚುರುಕಾಗಿಯೇ ಇದೆ. ಆದರೆ ನಿಮ್ಮ ಕ್ಯಾಮೆರಾವನ್ನು ಜೊತೆಗೆ ಕೊಂಡೊಯ್ಯದೆ ಹಣ ಕೊಡಬೇಡಿ. ನಿಕಾನ್ ಇಟ್ಟುಕೊಂಡವರಿಗೆ ಈ ಮಾತು ಇನ್ನೂ ಮುಖ್ಯ. ಡಿ3500, ಡಿ5600 ತರಹದ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಕ್ಯಾಮೆರಾದ ಮೋಟರನ್ನೇ ನೆಚ್ಚಿದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಅದು ತಾನಾಗಿ ಫೋಕಸ್ ಮಾಡುವುದೇ ಇಲ್ಲ. ಓಡುವ ಮಗುವನ್ನು ಕೈಯಲ್ಲಿ ಫೋಕಸ್ ಮಾಡುವುದು ಪಳಗಿದವರಿಗೂ ಕಷ್ಟ. ಈ ಕ್ಯಾಮೆರಾಗಳಿಗೆ ಒಳಗೇ ಮೋಟರ್ ಇರುವ, ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿರುವ ಲೆನ್ಸೇ ಬೇಕು. ತಿರುಗಾಮುರುಗಾ ಇನ್ನೊಂದು ತೊಡಕಿದೆ: ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000 ತರಹದ ಹಳೆಯ ಕ್ಯಾಮೆರಾಗಳಿಗೆ ಹೊಂದುವುದಿಲ್ಲ.

ಅಂಗಡಿಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ ಲೆನ್ಸ್‌ನ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಗಾಜಿನ ಒಳಗೆ ಬಿಳಿಯ ಎಳೆಗಳು ಕವಲೊಡೆದಿದ್ದರೆ ಅದು ಫಂಗಸ್. ಮಲೆನಾಡು, ಕೊಡಗಿನ ಕಡೆಯಿಂದ ಬಂದ ಲೆನ್ಸ್‌ಗಳಲ್ಲಿ ಇದನ್ನು ನಾನು ಹೆಚ್ಚು ಕಂಡಿದ್ದೇನೆ. ಹೊರಗಿನ ಗೀರು, ಅಳಿಸಿದ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದರಿಂದ ಬೆಲೆ ಇಳಿಯುವುದಾದರೆ ನಿಮಗೇ ಲಾಭ. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯ ಮೇಲೆ ನಿಮ್ಮತ್ತ ಬರುವ ಸೈಕಲ್ಲು, ಸ್ಕೂಟರುಗಳನ್ನು ಅಪರ್ಚರ್ ಪೂರ್ತಿ ತೆರೆದು ಸಾಲಾಗಿ ತೆಗೆಯಿರಿ. ಹೆಚ್ಚಿನವು ಸ್ಪಷ್ಟವಾಗಿ ಬಂದರೆ ಲೆನ್ಸ್ ಆಟಕ್ಕೆ ಸಿದ್ಧ. ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಟ್ಟೆಯ ಬೀರು ಬೇಡ.

ವರ್ಷಕ್ಕೆ ಒಂದೇ ಕ್ರೀಡಾ ದಿನ, ಉಳಿದಂತೆ ಕ್ಯಾಮೆರಾ ಹೊರಗೆ ಬರುವುದೇ ಇಲ್ಲ ಎನ್ನುವ ಮನೆಯವರು ಲೆನ್ಸ್ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಜಾಣತನ. ದಿನದ ಬಾಡಿಗೆಗೆ 70-200 ಎಫ್/2.8 ಕೂಡ ಸಿಗುತ್ತದೆ. ಹಿಂದಿನ ಸಂಜೆಯೇ ತಂದು ಕೈಗೆ ಒಗ್ಗಿಸಿಕೊಳ್ಳಿ; ಒಂದೂವರೆ ಕಿಲೋ ತೂಕ ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ತಿಳಿಯುತ್ತದೆ.

ನಿಲ್ಲುವ ಜಾಗದ ಮಾತಿಗೆ ಬಂದರೆ, ಕಬಡ್ಡಿಯಲ್ಲಿ ದಾಳಿ ಮಾಡುವ ಮಗುವಿನ ಮುಖ ಬೇಕಾದರೆ ಎದುರು ತಂಡದ ಬೆನ್ನ ಹಿಂದಿನ ಮೂಲೆಯಲ್ಲಿರಬೇಕು. ಖೋ ಖೋದಲ್ಲಿ ನನ್ನ ಜಾಗ ಕಂಬದ ಆಚೆ, ಓರೆಯಾಗಿ. ಆಟದ ಸೊಗಸೆಲ್ಲ ಆ ಕಂಬದ ಸುತ್ತ ಆಗಾಗ ನಡೆಯುವುದರಿಂದ, ಲೆನ್ಸ್‌ನ ಫೋಕಸ್ ನಿಧಾನವಾಗಿದ್ದರೂ ಮೊದಲೇ ಕಂಬಕ್ಕೆ ಫೋಕಸ್ ಕಟ್ಟಿ ಕಾಯಬಹುದು. ಮಂಡಿಯೂರಿ ಮಗುವಿನ ಎತ್ತರಕ್ಕೆ ಇಳಿಯಿರಿ; ನಿಂತು ತೆಗೆದರೆ ತಲೆ, ಮಣ್ಣು ಎರಡೇ ಕಾಣುತ್ತವೆ.

ಅಂಕಣದ ಗೆರೆಯ ಹತ್ತಿರ ಹೋಗುವುದಕ್ಕೆ ದೈಹಿಕ ಶಿಕ್ಷಕರ ಅನುಮತಿ ಬೇಕು. ಪಂದ್ಯ ಶುರುವಾದ ಮೇಲೆ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಬೆಳಿಗ್ಗೆ ಗೆರೆ ಹಾಕಿಸುತ್ತಿರುವಾಗಲೇ ಹೋಗಿ, "ಸರ್, ಎಲ್ಲಿ ಕುಳಿತರೆ ಆಟಕ್ಕೆ ಅಡ್ಡಿಯಾಗುವುದಿಲ್ಲ?" ಎಂದು ಕೇಳಿ. ತೆಗೆದ ಚಿತ್ರಗಳಲ್ಲಿ ಬೇರೆ ಮನೆಯ ಮಕ್ಕಳೂ ಇರುತ್ತಾರೆ. ಅವರ ತಂದೆ ತಾಯಿಯನ್ನು ಕೇಳದೆ ಎಲ್ಲೂ ಹಂಚಬೇಡಿ. ಒಳ್ಳೆಯದೊಂದನ್ನು ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ.