ಒಂದು ಗಂಟೆಯ ವರದಿ

ರಕ್ತದಲ್ಲಿ ಸೋಂಕು ಸೇರಿದ ರೋಗಿಗೆ ಯಾವ ಆ್ಯಂಟಿಬಯಾಟಿಕ್ ನಾಟುತ್ತದೆ ಎಂದು ಹೇಳಲು ಮೈಕ್ರೋಬಯಾಲಜಿ ಲ್ಯಾಬಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಬೆಳೆಯುವ ಜೀವಾಣು ಬಿಡುವ ಇಂಗಾಲದ ಡೈಆಕ್ಸೈಡನ್ನು ಯಂತ್ರ ಗುರುತಿಸಿ ಸೂಚನೆ ಕೊಟ್ಟ ಮೇಲೆ, ಆ ಜೀವಾಣುವನ್ನು ಅಗರ್ ತಟ್ಟೆಯಲ್ಲಿ ಮತ್ತೆ ಬೆಳೆಸಿ, ಮರುದಿನ ಅದರ ಹೆಸರು ಪತ್ತೆ ಮಾಡಿ, ಔಷಧಗಳೆದುರು ಪರೀಕ್ಷೆಗಿಟ್ಟು ಮತ್ತೊಂದು ರಾತ್ರಿ ಕಾಯಬೇಕು. ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸ್ಥಿತಿ) ಆದವರಿಗೆ ಮೊದಲ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕಾದ್ದರಿಂದ ಅಲ್ಲಿಯವರೆಗೂ ಐಸಿಯು ವೈದ್ಯರಿಗೆ ಅನುಭವದ ಅಂದಾಜೇ ಆಧಾರ.

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದಾಗ, ಡಯಾಲಿಸಿಸ್ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದ ಹಿರಿಯ ರೈತರೊಬ್ಬರ ಬಾಟಲಿಗಳು ಪಾಸಿಟಿವ್ ಆದವು. ಒಂದೇ ಹೊತ್ತಿಗೆ ತೆಗೆದ ರಕ್ತವಾದರೂ ಕ್ಯಾಥೆಟರಿನ ಬಾಟಲಿ ತೋಳಿನದಕ್ಕಿಂತ ಎರಡು ಗಂಟೆಗೂ ಹೆಚ್ಚು ಮೊದಲೇ ಸೂಚನೆ ಕೊಟ್ಟಿದ್ದರಿಂದ, ಸೋಂಕಿನ ಮೂಲ ಕ್ಯಾಥೆಟರೇ ಎಂಬ ಅನುಮಾನ ಬಲವಾಯಿತು. ಜೀವಾಣುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಗುಲಾಬಿ ಬಣ್ಣದ ಕಡ್ಡಿಯಾಕಾರದ ಜೀವಾಣುಗಳು ಕಂಡವು. ಅವರಿಗೆ ಮೆರೊಪೆನಂ ಎಂಬ ಪ್ರಬಲ ಆ್ಯಂಟಿಬಯಾಟಿಕ್ ನಡೆಯುತ್ತಿತ್ತು; ಆದರೂ ಚಳಿಜ್ವರ ಇಳಿದಿರಲಿಲ್ಲ, ರಕ್ತದೊತ್ತಡ ಹಿಡಿದಿಡಲು ನಾರ್‌ಅಡ್ರಿನಲಿನ್ ಏರಿಸುತ್ತಲೇ ಇದ್ದರು.

ಪಾಸಿಟಿವ್ ಬಾಟಲಿಯ ಕೆಲವೇ ಹನಿಗಳಿಂದ ಸುಮಾರು ಒಂದು ಗಂಟೆಯಲ್ಲಿ ಜೀವಾಣುವಿನ ಹೆಸರನ್ನೂ ಕೆಲವು ಪ್ರತಿರೋಧ ಜೀನ್‌ಗಳನ್ನೂ ತಿಳಿಸುವ ಮಲ್ಟಿಪ್ಲೆಕ್ಸ್ ಪಿಸಿಆರ್ ನಮ್ಮಲ್ಲಿತ್ತು. ಅದಕ್ಕೆ ಸಾವಿರಾರು ರೂಪಾಯಿ ಖರ್ಚು, ಹೀಗಾಗಿ ಮನೆಯವರನ್ನು ಕೇಳದೆ ಹಾಕುವಂತಿರಲಿಲ್ಲ. ರೋಗಿಯ ಮಗ ಕೇಳಿದ್ದು ಒಂದೇ ಮಾತು: "ಇಷ್ಟ ರೊಕ್ಕಾ ಕೊಟ್ರ ನಮ್ಮ ಅಪ್ಪಗ ಯಾವ ಔಷಧ ನಾಟತೈತಿ ಅಂತ ತಿಳಿತೈತೇನ್ರಿ ಮೇಡಮ್?" ಪೂರ್ತಿ ಉತ್ತರ ಸಿಗದಿರಬಹುದು, ಆದರೆ ಈಗಿನ ಔಷಧ ವ್ಯರ್ಥವಾಗುತ್ತಿದ್ದರೆ ಅದು ಗೊತ್ತಾಗುವ ಸಾಧ್ಯತೆ ಹೆಚ್ಚು ಎಂದು ತಿಳಿಸಿದೆ. ಅವರು ಒಪ್ಪಿದರು.

ವರದಿಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಜೀವಾಣು ಇತ್ತು. ಜೊತೆಗೆ ಔಷಧ ಒಡೆಯುವ ಕಿಣ್ವಗಳನ್ನು ತಯಾರಿಸುವ ಎನ್‌ಡಿಎಂ ಮತ್ತು ಸಿಟಿಎಕ್ಸ್-ಎಂ ಜೀನ್‌ಗಳು. ಎನ್‌ಡಿಎಂ ಕಿಣ್ವ ಮೆರೊಪೆನಂ ಅನ್ನು ಒಡೆದುಹಾಕುತ್ತದೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ (ಒಂದು ಆ್ಯಂಟಿಬಯಾಟಿಕ್ ಮತ್ತು ಅದನ್ನು ಕಿಣ್ವಗಳಿಂದ ಕಾಪಾಡುವ ಔಷಧದ ಜೋಡಿ) ಒಂದನ್ನೇ ಕೊಟ್ಟರೂ ಸಾಲದು, ಏಕೆಂದರೆ ಅವಿಬ್ಯಾಕ್ಟಮ್ ಈ ಕಿಣ್ವವನ್ನು ತಡೆಯಲಾರದು. ಅಜ್ಟ್ರಿಯೊನಾಮ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಎನ್‌ಡಿಎಂಗೆ ಬಗ್ಗುವುದಿಲ್ಲ, ಆದರೆ ಸಿಟಿಎಕ್ಸ್-ಎಂ ಅದನ್ನು ಹಾಳುಮಾಡುತ್ತದೆ. ಆ ಸಿಟಿಎಕ್ಸ್-ಎಂ ಅನ್ನು ಅವಿಬ್ಯಾಕ್ಟಮ್ ತಡೆಯುವುದರಿಂದಲೇ ಈ ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ.

ಇದನ್ನು ಕಂಪ್ಯೂಟರಿಗೆ ಏರಿಸಿ ಸುಮ್ಮನಾಗಿದ್ದರೆ ಬೆಳಗಿನ ರೌಂಡ್ಸ್‌ವರೆಗೆ ಯಾರೂ ನೋಡುತ್ತಿರಲಿಲ್ಲ, ಯಂತ್ರ ಉಳಿಸಿಕೊಟ್ಟ ಗಂಟೆಗಳೆಲ್ಲ ಅಲ್ಲೇ ಕರಗಿಹೋಗುತ್ತಿದ್ದವು. ಐಸಿಯು ಫೋನ್ ಬಿಡುವಿಲ್ಲದೆ ಎಂಗೇಜ್ ಬರುತ್ತಿದ್ದುದರಿಂದ ಮೆಟ್ಟಿಲು ಹತ್ತಿ ಹೋಗಿ, ಪಾಳಿಯಲ್ಲಿದ್ದ ಕಿರಿಯ ವೈದ್ಯರಿಗೆ ಹೇಳಿದೆ. ಅವರು ತಕ್ಷಣ ಹಿರಿಯರನ್ನು ಸಂಪರ್ಕಿಸಿ ಔಷಧ ಬದಲಿಸಿದರು. ವೇಗದ ಪರೀಕ್ಷೆಯ ಬೆಲೆ ಇರುವುದು ಚಿಕಿತ್ಸೆ ಬದಲಾಗುವ ಈ ಕ್ಷಣದಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ. ಬಾಟಲಿ ವಾರ್ಡಿನ ಮೇಜಿನ ಮೇಲೆ ಬೆಳಗಿನವರೆಗೆ ಕುಳಿತರೆ, ಅಥವಾ ಎಂಟು ಹತ್ತು ಮಿಲಿಲೀಟರ್ ರಕ್ತ ಬೇಕಾದಲ್ಲಿ ಎರಡೇ ಮಿಲಿಲೀಟರ್ ಹಾಕಿ ಕಳಿಸಿದರೆ, ಎಂಥ ಯಂತ್ರವೂ ಅದನ್ನು ಸರಿದೂಗಿಸಲಾರದು.

ಬೆಳಿಗ್ಗೆ ಕ್ಯಾಥೆಟರ್ ತೆಗೆದರು. ತಟ್ಟೆಯ ಪರೀಕ್ಷೆಯನ್ನು ನಾವು ಕೈಬಿಡಲಿಲ್ಲ. ಜೀನ್ ಸಿಗಲಿಲ್ಲವೆಂದ ಮಾತ್ರಕ್ಕೆ ಔಷಧ ನಾಟುತ್ತದೆ ಎನ್ನಲಾಗದು, ಪ್ರತಿರೋಧಕ್ಕೆ ಬೇರೆ ದಾರಿಗಳೂ ಇವೆ. ನಂತರ ಬಂದ ಅದರ ಫಲಿತಾಂಶವೂ ಮೆರೊಪೆನಂಗೆ ಪ್ರತಿರೋಧವನ್ನೇ ತೋರಿಸಿತು. ರೋಗಿಯ ರಕ್ತದೊತ್ತಡ ನಿಧಾನವಾಗಿ ಸ್ಥಿರವಾಯಿತು.

ಆ ಮಗ ಹೊಂದಿಸಿದಂತೆ ಹಣ ಹೊಂದಿಸಲಾಗದವರ ಬಾಟಲಿಗಳಿಗೆ ನಾವು ಈಗ ಆ್ಯಂಟಿಬಯಾಟಿಕ್ ಪರೀಕ್ಷೆಗಳ ಮಾನದಂಡ ರೂಪಿಸುವ ಯೂರೋಪಿನ ಯುಕಾಸ್ಟ್ ಸಮಿತಿ 2018ರಲ್ಲಿ ಪ್ರಕಟಿಸಿದ ವಿಧಾನವನ್ನು ಬಳಸುತ್ತಿದ್ದೇವೆ. ಪಾಸಿಟಿವ್ ಬಾಟಲಿಯ ದ್ರವವನ್ನು ನೇರವಾಗಿ ತಟ್ಟೆಗೆ ಸವರಿ, ಸಾಮಾನ್ಯ ಆ್ಯಂಟಿಬಯಾಟಿಕ್ ಬಿಲ್ಲೆಗಳನ್ನಿಟ್ಟು, ಅವುಗಳ ಸುತ್ತ ಜೀವಾಣು ಬೆಳೆಯದೆ ಉಳಿದ ವಲಯವನ್ನು 4, 6 ಮತ್ತು 8 ಗಂಟೆಗಳಲ್ಲಿ ಓದಬೇಕು. ಅದಕ್ಕೆ ದುಬಾರಿ ಕಿಟ್ ಬೇಡ. ಹೊತ್ತಿಗೆ ಸರಿಯಾಗಿ ತಟ್ಟೆ ತೆಗೆದು ಅಳೆಯುವವರು ಆ ರಾತ್ರಿ ಲ್ಯಾಬಿನಲ್ಲಿರಬೇಕು, ಅಷ್ಟೆ.