ಮದ್ದಿಲ್ಲದ ತೋಟಾ

ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗಿನಿಂದ ಕಾರಿನಲ್ಲಿ ಒಂದು ಗಂಟೆಯ ಹಾದಿಯಲ್ಲಿರುವ ನಮ್ಮ ಊರಿನಲ್ಲಿ ಪಕ್ಕದ ಮನೆಯವರು ಲೇತ್ ಯಂತ್ರ ನಡೆಸಿ ನಿವೃತ್ತರಾದ ಹಿರಿಯರು. ಅವರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, 1916ರ ಮುದ್ರೆಯಿರುವ ಒಂದು ವೆಬ್ಲಿ ಮಾರ್ಕ್ 6 ರಿವಾಲ್ವರ್ ಇದೆ. ಆರು ಅಂಗುಲದ ನಳಿಗೆ, ಹಿಡಿಯ ಬುಡದಲ್ಲಿ ಹುರಿ ಕಟ್ಟುವ ಬಳೆ, ಒಂದು ಕಿಲೋಗೂ ಮೀರಿದ ತೂಕ. ಅಮೆರಿಕದ ಕೇಂದ್ರ ಕಾನೂನು 1898ರವರೆಗೆ ತಯಾರಾದುದನ್ನು ಮಾತ್ರ ಪುರಾತನ ಎಂದು ಒಪ್ಪುವುದರಿಂದ, ಆ ಲೆಕ್ಕದಲ್ಲಿ ಇದು ಹದಿನೆಂಟು ವರ್ಷ ಎಳೆಯದು. ಕೈಯಲ್ಲಿ ಹಿಡಿದವರಿಗೆ ಮಾತ್ರ ಹಾಗೆನ್ನಿಸುವುದಿಲ್ಲ.

ಕೋವಿ ನನಗೆ ಹೊಸದಲ್ಲ. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದು ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗಳನ್ನು ದೇವರ ಮುಂದಿಟ್ಟು, ತೋಕ್‌ಪೂ ಮುಡಿಸಿ ಪೂಜಿಸುತ್ತೇವೆ. ನಮ್ಮ ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎಂದೇ ಹೆಸರಾದ್ದರಿಂದ ಅಗ್ನಿಶಿಖೆಯ ಹೂವಿಗೆ ಅಲ್ಲಿ ಕೋವಿಯ ಹೂವೆಂಬ ಹೆಸರು ನಿಂತಿದೆ. ಅಜ್ಜ ಕೇಪಿನ ಕೋವಿಗೆ ಮದ್ದು ಹಾಕಿ ಸರಳಿನಿಂದ ಜಡಿಯುತ್ತಿದ್ದುದನ್ನು ಕಂಡಿದ್ದೆನಾದರೂ, ತೋಟಾ ಎಂದರೆ ಅಂಗಡಿಯಿಂದ ಎಣಿಸಿ ತರುವ ವಸ್ತುವೆಂದೇ ತಿಳಿದಿದ್ದೆ. ಹಾರಿದ ತೋಟಾದ ಹಿತ್ತಾಳೆಯ ಕೋಶವನ್ನು ಮನೆಯಲ್ಲೇ ಮತ್ತೆ ತುಂಬುವ ವಿದ್ಯೆಯನ್ನು ನಾನು ಕಲಿತದ್ದು ಈ ಹಿರಿಯರ ನೆಲಮಾಳಿಗೆಯಲ್ಲಿ.

ವೆಬ್ಲಿಯನ್ನು ಇಟ್ಟುಕೊಂಡವರಿಗೆ ಇದು ಬರಿಯ ಹವ್ಯಾಸವಲ್ಲ. ಅದರ .455 ಅಳತೆಯ ತೋಟಾ ಇಲ್ಲಿನ ಅಂಗಡಿಗಳಲ್ಲಿ ಅಪರೂಪ, ಸಿಕ್ಕರೂ ದುಬಾರಿ. ಎರಡನೆಯ ಮಹಾಯುದ್ಧದ ನಂತರ ಇಲ್ಲಿಗೆ ಬಂದ ವೆಬ್ಲಿಗಳಲ್ಲಿ ಬಹಳಷ್ಟರ, ಆರು ತೋಟಾ ಕೂರುವ ಸಿಲಿಂಡರಿನ ಹಿಂಬದಿಯನ್ನು ವ್ಯಾಪಾರಿಗಳು ಕೆತ್ತಿಸಿ, ಅಮೆರಿಕದ ಸೈನ್ಯದ ಪಿಸ್ತೂಲಿನ .45 ಎಸಿಪಿ ತೋಟಾ ಹಿಡಿಯುವಂತೆ ಮಾಡಿ ಮಾರಿದರು. ಆ ಪಿಸ್ತೂಲಿನ ತೋಟಾ ಹುಟ್ಟಿಸುವ ಒತ್ತಡ ಈ ಹಳೆಯ ಉಕ್ಕಿಗೆ ಉದ್ದೇಶಿಸಿದ್ದಕ್ಕಿಂತ ಬಹಳ ಹೆಚ್ಚಿನದು. ಹೀಗೆ ಕೆತ್ತಿಸಿಕೊಂಡು ಒಡೆದ ಸಿಲಿಂಡರುಗಳ ವಿಷಯವನ್ನು ನಮ್ಮ ಹಿರಿಯರು ಸತ್ತ ನೆಂಟರ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಾರೆ. ಅವರ ವೆಬ್ಲಿಗೆ ಆ ಗತಿ ಬಂದಿಲ್ಲ. ಅದಕ್ಕೆ ಬೇಕಾದದ್ದು 265 ಗ್ರೇನ್ ತೂಕದ, ಸೆಕೆಂಡಿಗೆ ಸುಮಾರು 600 ಅಡಿ ಮಾತ್ರ ಹೋಗುವ, ಭಾರದ ಮಂದಗತಿಯ ಸೀಸದ ಗುಂಡು. ಒಂದು ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ ತೂಕ.

ಗುಂಡನ್ನು ಅವರೇ ಎರಕ ಹೊಯ್ಯುತ್ತಾರೆ. ಅದರ ಬುಡ ಒರಳುಗಲ್ಲಿನ ಗುಂಡಿಯಂತೆ ಟೊಳ್ಳು. ವೆಬ್ಲಿಯಲ್ಲಿ ಸಿಲಿಂಡರಿನ ಬಾಯಿ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳ ಅಳತೆಗಿಂತ ತುಸು ಕಿರಿದಾಗಿರುವುದು ಸಾಮಾನ್ಯ. ಗುಂಡು ಅಲ್ಲಿ ಹಿಂಡಿಸಿಕೊಂಡು ಹೊರಬಿದ್ದ ಮೇಲೆ ನಳಿಗೆಯೊಳಗೆ ಸಡಿಲವಾಗಿಬಿಡಬಹುದು. ಹಾಗಾಗದಂತೆ ಮದ್ದಿನ ಅನಿಲ ಆ ಟೊಳ್ಳು ಬುಡವನ್ನು ಅರಳಿಸಿ ತೋಡುಗಳಿಗೆ ಒತ್ತಿ ಹಿಡಿಸುತ್ತದೆ. ಸೀಸ ಮೆದುವಾಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಒಂದು ಶನಿವಾರ, ಊರಿನಲ್ಲಿ ಕೈಲ್‌ಪೊಳ್ದಿನ ದಿನ, ಬೆಳಿಗ್ಗೆ ಐವತ್ತು ಕೋಶಗಳನ್ನು ತುಂಬುವ ಕೆಲಸವನ್ನು ಅವರು ನನಗೇ ಬಿಟ್ಟಿದ್ದರು. ಕೋಶವನ್ನು ಅಚ್ಚಿಗೆ ಒತ್ತಿ ಅಳತೆಗೆ ತರುವುದು, ಸುಟ್ಟ ಕೇಪು ತೆಗೆದು ಹೊಸ ಕೇಪು ಕೂರಿಸುವುದು, ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸುವುದು, ಇವೆಲ್ಲ ಹಿಂದಿನ ದಿನವೇ ಮುಗಿದಿದ್ದವು. ಐವತ್ತು ಕುಳಿಗಳ ಮರದ ಹಲಗೆಯಲ್ಲಿ ಕೋಶಗಳು ಬಾಯಿ ಮೇಲಾಗಿ ನಿಂತಿದ್ದವು. ಒಂದೊಂದಕ್ಕೂ ಅಳೆದ ಮದ್ದು ಸುರಿಯುತ್ತ ನಾಲ್ಕನೆಯ ಸಾಲಿಗೆ ಬಂದಿದ್ದಾಗ ಫೋನು ರಿಂಗಾಯಿತು. ತುಂಬುವ ಕೋಣೆಗೆ ಫೋನು ತರಬಾರದೆಂಬುದು ಹಿರಿಯರ ಕಟ್ಟುನಿಟ್ಟು. ಅವರು ಕಾಫಿ ತರಲು ಮೇಲೆ ಹೋಗಿದ್ದರು, ಫೋನು ನನ್ನ ಜೇಬಿನಲ್ಲಿತ್ತು, ಕರೆ ಅವ್ವನದು.

“ಅಜ್ಜನ ಕೋವಿಗೆ ಹೂ ಮುಡಿಸಿಯಾಯಿತು. ನಿನ್ನ ತಮ್ಮ ಎರಡನೆಯ ಈಡಿಗೇ ತೆಂಗಿನಕಾಯಿ ಒಡೆದ. ನೀನೇನು ಮಾಡುತ್ತಿದ್ದೀಯೋ?” ಎಂದರು.

“ತೋಟಾ ತುಂಬುತ್ತಿದ್ದೇನೆ ಅವ್ವಾ” ಎಂದೆ. ಅವರು ನಕ್ಕರು. ಮೆಟ್ಟಿಲ ಬಳಿ ನಿಂತು ಐದು ನಿಮಿಷ ಮಾತನಾಡಿ ಮರಳಿ ಬಂದು, ಬಿಟ್ಟ ಕಡೆಯಿಂದ ಎಂದು ನಾನು ಭಾವಿಸಿದ ಕಡೆಯಿಂದ ಮುಂದುವರಿಸಿದೆ. ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿ ಕೋಶದೊಳಗೆ ಇಣುಕಿ, ಮದ್ದಿನ ಮಟ್ಟ ಒಂದೇ ಸಮನಾಗಿದೆಯೇ ಎಂದು ನೋಡಬೇಕಿತ್ತು. ನಾಲ್ಕನೆಯ ಸಾಲು ನೋಡಿದ್ದೇನೆಂಬ ಭ್ರಮೆಯಲ್ಲಿ ಐದನೆಯದಕ್ಕೆ ಹೋದೆ.

ಮಧ್ಯಾಹ್ನ ಬಯಲಿನ ಶೂಟಿಂಗ್ ರೇಂಜಿನಲ್ಲಿ ಮೊದಲ ಆರು ಈಡು ಚೆನ್ನಾಗಿಯೇ ಆದವು. ವೆಬ್ಲಿಯನ್ನು ನಡುವೆ ಮುರಿದಂತೆ ಬಾಗಿಸಿದರೆ ಆರೂ ಕೋಶಗಳು ತಾವೇ ಮೇಲೆದ್ದು ಉದುರುತ್ತವೆ; ಆ ನೋಟದಿಂದ ನನಗೆ ಇಂದಿಗೂ ಬೇಸರವಾಗಿಲ್ಲ. ಎರಡನೆಯ ಸುತ್ತಿನ ನಾಲ್ಕನೆಯದಕ್ಕೆ “ಠಪ್” ಎಂಬ ಒಣ ಸದ್ದಷ್ಟೇ ಬಂತು. ಕೈಗೆ ಒದೆತವಿಲ್ಲ, ಗುರಿಹಲಗೆಯಲ್ಲಿ ಹೊಸ ತೂತಿಲ್ಲ. ತೋಟಾ ಹುಸಿಹೋಯಿತೆಂದುಕೊಂಡು ಮುಂದಿನದಕ್ಕೆ ನನ್ನ ಬೆರಳು ಆಗಲೇ ಟ್ರಿಗರನ್ನು ಎಳೆಯತೊಡಗಿತ್ತು, ಸಿಲಿಂಡರು ಅಡ್ಡಿಯಿಲ್ಲದೆ ತಿರುಗತೊಡಗಿತ್ತು. ಪಕ್ಕದಲ್ಲಿದ್ದ ಹಿರಿಯರು ಹಾಗೆ ಕೂಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ನಂತರವೂ ಕೇಳಿಲ್ಲ.

ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾದೆವು. ತೆರೆದು ಖಾಲಿ ಮಾಡಿ ನಳಿಗೆಯೊಳಗೆ ನೋಡಿದರೆ ಆ ತುದಿಯ ಬೆಳಕು ಈ ತುದಿಗೆ ಕಾಣಲಿಲ್ಲ. ಮದ್ದಿಲ್ಲದ ತೋಟಾದಲ್ಲಿ ಕೇಪು ಒಂದೇ ಸಿಡಿದು, ಗುಂಡನ್ನು ನಳಿಗೆಯೊಳಕ್ಕೆ ಎರಡು ಅಂಗುಲ ತಳ್ಳಿ ಅಲ್ಲೇ ಬಿಟ್ಟಿತ್ತು. ಅದರ ಬೆನ್ನಿಗೆ ಇನ್ನೊಂದು ಗುಂಡು ಬಂದು ಹೊಡೆದಿದ್ದರೆ ನೂರು ವರ್ಷ ದಾಟಿದ ಆ ನಳಿಗೆ ಉಬ್ಬುತ್ತಿತ್ತೋ ಸೀಳುತ್ತಿತ್ತೋ, ನನ್ನ ಬೆರಳುಗಳ ಗತಿ ಏನಾಗುತ್ತಿತ್ತೋ.

ಹಿರಿಯರು ಒಂದು ಮಾತೂ ಬೈಯಲಿಲ್ಲ. ಮನೆಗೆ ಬಂದು, ಬಾಗಿಸಿದ ನಳಿಗೆಯ ಮೂತಿಯಿಂದ ಹಿತ್ತಾಳೆಯ ಸರಳನ್ನು ಇಳಿಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲನೆ ಬಡಿದರು. ಗುಂಡು ಹಿಂದಕ್ಕೆ ಜಾರಿ ಬಟ್ಟೆಯ ಮೇಲೆ ಬಿತ್ತು. ಉಳಿದ ನಲವತ್ತನ್ನು ತೂಗಿ ನೋಡಿದರೆ ಸಾಲದೇ ಎಂದು ಕೇಳಿದೆ. ಅವರು ನಾಲ್ಕು ತೋಟಾಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು ತೋರಿಸಿದರು: ಕೋಶ ಕೋಶಕ್ಕೂ, ಗುಂಡು ಗುಂಡಿಗೂ ಇರುವ ತೂಕದ ವ್ಯತ್ಯಾಸದಲ್ಲೇ ಆ ಚಿಟಿಕೆ ಮದ್ದು ಅಡಗಿಹೋಗುತ್ತದೆ. ಕೋಶದ ತಳದಲ್ಲಷ್ಟೇ ಕೂರುವ ಮದ್ದಾದ್ದರಿಂದ ಎರಡು ಸಲ ಸುರಿದರೂ ಅದು ತುಳುಕದೆ ಒಳಗೇ ಹಿಡಿಸುತ್ತದೆ, ಖಾಲಿಗಿಂತ ಅದೇ ಹೆಚ್ಚು ಭಯದ್ದು ಎಂದರು. ಆದ್ದರಿಂದ ಸಂಜೆಯವರೆಗೆ ಕುಳಿತು ನಲವತ್ತನ್ನೂ ಬಿಚ್ಚಿದೆ. ಸುತ್ತಿಗೆಯಾಕಾರದ ಉಪಕರಣದೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ, ಮೂರನೆಯ ಪೆಟ್ಟಿಗೆ ಗುಂಡೂ ಮದ್ದೂ ಬೇರೆಯಾಗಿ ಬೀಳುತ್ತವೆ. ಪ್ರತಿಯೊಂದರ ಮದ್ದನ್ನೂ ತೂಗಿದೆವು. ನಲವತ್ತೂ ಸರಿಯಾಗಿದ್ದವು.

ನಳಿಗೆಯಿಂದ ಬಂದ ಆ ಗುಂಡಿನ ಮೈಮೇಲೆ ವೆಬ್ಲಿಯ ಏಳು ತೋಡುಗಳ ಗುರುತು ಓರೆಯಾಗಿ, ಒಂದೂ ತಪ್ಪದೆ ಬಿದ್ದಿತ್ತು. ಬುಡದ ಟೊಳ್ಳು ಮಾತ್ರ ಅರಳಿರಲಿಲ್ಲ. ಹಿರಿಯರು ಅದನ್ನು ಮರದ ಹಲಗೆಯ ನಾಲ್ಕನೆಯ ಸಾಲಿನ ಮೊದಲ ಕುಳಿಯಲ್ಲಿ ಅಂಟು ಹಾಕಿ ಕೂರಿಸಿದ್ದಾರೆ. ಈಗ ಆ ಹಲಗೆಯಲ್ಲಿ ನಲವತ್ತೊಂಬತ್ತು ಕೋಶ ಮಾತ್ರ ನಿಲ್ಲುತ್ತವೆ, ನನ್ನ ಫೋನು ಮೇಲಿನ ಅಡುಗೆಮನೆಯಲ್ಲಿ ಅವರ ಹೆಂಡತಿಯ ವಶದಲ್ಲಿರುತ್ತದೆ.