ಎಡಕ್ಕೆ ಫೋನು, ಬಲಕ್ಕೆ ಪೇಪರು: ನಮ್ಮ ಕತ್ತರಿ ಪುಸ್ತಕ ಎಲ್ಲಿಗೆ ಬಂತು

ಕತ್ತರಿ ಪುಸ್ತಕದ ಮೊದಲನೇ ನೋಟ್‌ಬುಕ್ ತುಂಬಿತು. ಎರಡನೆಯದಕ್ಕೆ ಮಗಳು ಬ್ರೌನ್ ಪೇಪರ್ ಹೊದಿಕೆಯನ್ನೂ ಹಾಕಿಟ್ಟಿದ್ದಾಳೆ. ಅದನ್ನು ಶುರು ಮಾಡೋ ಮುಂಚೆ ಇಲ್ಲಿಯವರೆಗಿನ ಕೆಲಸ ಬರೆದಿಡೋಣ ಅಂತ ಕೂತಿದ್ದೇನೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಬಳ್ಳಾರಿಯ ಹೊರಗೆ, ಸಂಗನಕಲ್ಲು ರಸ್ತೆ ಕಡೆಯ ಲೇಔಟ್‌ನಲ್ಲಿ ನಮ್ಮ ಮನೆ. ಅತ್ತೆ, ನಮ್ಮವರು, ಒಂಬತ್ತನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ, ನಾನು. ನಮ್ಮವರಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಂದು ಪೇಪರ್ ಓದಿ ಮಲಗುತ್ತಾರೆ. ಅತ್ತೆಗೆ ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಬೇಕು. ಮಗಳಿಗೆ ರೀಲ್ಸ್. ನನಗೆ ವಾಟ್ಸ್‌ಆ್ಯಪ್ ಗ್ರೂಪುಗಳು. ರಾತ್ರಿ ರೊಟ್ಟಿ ಮುರಿಯುತ್ತಾ ಒಂದೇ ವಿಷಯ ಮಾತಾಡಿದರೂ ನಾಲ್ಕು ಬೇರೆ ಊರಿನವರು ಒಂದೇ ಬಸ್ಸಿನಲ್ಲಿ ಕೂತ ಹಾಗಿರುತ್ತಿತ್ತು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತೇ ಇರುತ್ತಿರಲಿಲ್ಲ.

ಅದಕ್ಕೇ ಈ ಪುಸ್ತಕ. ಉದ್ದನೆಯ ನೋಟ್‌ಬುಕ್‌ನಲ್ಲಿ ಎಡಗಡೆ ಪುಟಕ್ಕೆ ಫೋನಿನಲ್ಲಿ ಬಂದ ಸುದ್ದಿಯನ್ನು ಕೈಯಲ್ಲೇ ಬರೆಯಬೇಕು. ಬಲಗಡೆಗೆ ಅದೇ ವಿಷಯದ ಪೇಪರ್ ಕಟಿಂಗ್ ಅಂಟಿಸಬೇಕು. ಕಟಿಂಗ್ ಸಿಗದಿದ್ದರೆ ಬಲಗಡೆ ಖಾಲಿ ಬಿಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಐದು ಚಾಟ್ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದಲ್ವಾ, ಅಂಥದ್ದಕ್ಕೆ ಮಗ ಕೆಂಪು ಪೆನ್ನಿನಲ್ಲಿ ಎರಡು ಬಾಣ ಬರೆಯುತ್ತಾನೆ. ಈ ಕೆಲಸಕ್ಕೆ ಅವನು ಎಲ್ಲಿದ್ದರೂ ಓಡಿ ಬರುತ್ತಾನೆ.

ಕೈಯಲ್ಲಿ ಬರೆಯಬೇಕು ಅನ್ನುವುದು ನಾನು ಹಟ ಹಿಡಿದು ಇಟ್ಟ ನಿಯಮ. ಒತ್ತಿ ಮುಂದಕ್ಕೆ ಕಳಿಸುವುದು ಸುಲಭ. ‘ತಕ್ಷಣ ಎಲ್ಲರಿಗೂ ಶೇರ್ ಮಾಡಿ, ನಿಮ್ಮ ಮನೆಯವರ ಜೀವ ಉಳಿಸಿ’ ಅಂತ ಸ್ವಂತ ಅಕ್ಷರದಲ್ಲಿ ಬರೆದು ನೋಡಿ. ಅರ್ಧಕ್ಕೇ ನಗು ಬರುತ್ತದೆ.

ಅಂಟಿನ ವಿಷಯ. ಅಂಗಡಿಯ ಗೋಂದು ಪುಟವನ್ನು ಸುಕ್ಕು ಮಾಡಿತು. ಈಗ ಮೈದಾ ಅಂಟು. ನೀರಿಗೆ ಮೈದಾ ಕಲಸಿ, ಗಂಟಾಗದ ಹಾಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಆರಿದ ಮೇಲೆ ತೆಳ್ಳಗೆ ಸವರುವುದು. ಹುಳ ಹಿಡಿಯದಿರಲಿ ಅಂತ ಬೈಂಡಿಂಗ್‌ನವರು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಬೇಡ. ಬದಲಿಗೆ ನಾವು ನೋಟ್‌ಬುಕ್ಕಿನ ನಡುವೆ ಒಣಗಿದ ಬೇವಿನ ಎಲೆ ಇಡುತ್ತಿದ್ದೇವೆ. ಪೇಪರ್ ಹಳದಿ ಆಗುವುದನ್ನು ಮಾತ್ರ ತಡೆಯಲು ಆಗುವುದಿಲ್ಲ. ಅಗ್ಗದ ಪೇಪರಿನಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಗಾಳಿ ಬೆಳಕು ತಾಗಿದರೆ ಬಣ್ಣ ತಿರುಗುತ್ತದೆ. ನಮ್ಮೂರಿನ ಬಿಸಿಲಿಗಂತೂ ಕೇಳಬೇಡಿ.

ಇನ್ನು ಪುಸ್ತಕದ ಅತಿ ದಪ್ಪ ಭಾಗ: ತುಂಗಭದ್ರಾ ಡ್ಯಾಂ. ಹಳೇ ಪೇಪರಿನವನಿಗೆ ಹಾಕಲು ಎತ್ತಿಟ್ಟಿದ್ದ ಕಟ್ಟಿನಲ್ಲಿ 2024ರ ಆಗಸ್ಟ್ ತಿಂಗಳ ಪೇಪರುಗಳು ಪೂರ್ತಿ ಸಿಕ್ಕವು. ನಮ್ಮವರ ತಮ್ಮ ಇರುವುದು ಕಂಪ್ಲಿಯಲ್ಲಿ, ಹೊಳೆಯ ಪಕ್ಕದ ಊರು. ಹಾಗಾಗಿ ಆ ವಾರದ ಸಂದೇಶಗಳು ನನ್ನ ಫೋನಿನಲ್ಲೂ ಉಳಿದಿದ್ದವು. ಎಡಕ್ಕೂ ಬಲಕ್ಕೂ ಸರಿಯಾದ ಜೋಡಿ.

ಆಗಸ್ಟ್ 10, ಶನಿವಾರ ರಾತ್ರಿ. ಡ್ಯಾಂನ ಮೇಲ್ಭಾಗದಿಂದ ನೀರು ಬಿಡುವ 33 ಕ್ರಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿ ಹೋಯಿತು. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ಪೇಪರಿನಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಪ್ರಿಂಟಾಗಿ ನಮ್ಮ ಊರಿಗೆ ಹೊರಡುವ ಹೊತ್ತಿಗೆ ಅವರಿಗೆ ಸುದ್ದಿಯೇ ಸಿಕ್ಕಿರಲಿಕ್ಕಿಲ್ಲ. ಫೋನಿನಲ್ಲಿ ಮಾತ್ರ ಬೆಳಗಾಗುವ ಮುಂಚೆಯೇ ಎಲ್ಲವೂ ಬಂದಿತ್ತು. ಎಡಗಡೆ ಪುಟದಲ್ಲಿ ಮಗಳು ಬರೆದ ಮೊದಲ ಸಾಲು: ‘ಡ್ಯಾಂ ಒಡೆದಿದೆ, ಹೊಳೆ ದಂಡೆಯವರು ಊರು ಬಿಡಿ.’ ಕೆಳಗೆ ವಿಡಿಯೋದ ವಿವರಣೆ. ಎಲ್ಲಾ ಗೇಟಿನಿಂದ ನೀರು ಬೆಳ್ಳಗೆ ಧುಮುಕುತ್ತಿದೆ.

ವಿಡಿಯೋ ಸುಳ್ಳಲ್ಲ. ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ಒಂದು ಇಡೀ ಸಂಜೆ ಬೇಕಾಯಿತು. ಒಂದು ಗೇಟ್ ಹೋದಾಗ ಆ ಜಾಗದಲ್ಲಿ ಒತ್ತಡ ಕಡಿಮೆ ಮಾಡಲು ಬೇರೆ ಗೇಟುಗಳನ್ನು ಬೇಕೆಂದೇ ತೆರೆದರು. ಅಂದರೆ ಅಷ್ಟು ನೀರು ಬಿದ್ದದ್ದು ಡ್ಯಾಂ ಒಡೆದು ಅಲ್ಲ, ಡ್ಯಾಂ ಉಳಿಸಲು. ಚಿತ್ರ ನಿಜ, ಅದರ ಕೆಳಗಿನ ಸಾಲು ಸುಳ್ಳು. ಮಗ ಇದನ್ನು ಹಿಡಿದುಕೊಂಡ. ಈಗ ಯಾವ ವಿಡಿಯೋ ಬಂದರೂ ‘ಚಿತ್ರ ಯಾರದ್ದು, ಸಾಲು ಯಾರದ್ದು’ ಅಂತ ಕೇಳುತ್ತಾನೆ.

ಬಲಗಡೆ ಸೋಮವಾರದಿಂದ ಶುರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದದ್ದು, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆ, ಇಳಿಸುವ ಯೋಜನೆ, ಒಂದರ ಮೇಲೊಂದು ಕಬ್ಬಿಣದ ತುಂಡು ಕೂರಿಸುವ ಚಿತ್ರ. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ಎಡಗಡೆಯ ಸಂದೇಶಗಳೂ ಅಲ್ಲಿಗೇ ನಿಂತವು. ಫೋನಿಗೆ ಡ್ಯಾಂ ಮರೆತೇಹೋಯಿತು. ಬಲಗಡೆ ಮಾತ್ರ ಮುಗಿದೇ ಇಲ್ಲ. 2025ರ ಮಳೆಗಾಲದಲ್ಲಿ 105 ಟಿಎಂಸಿಗೂ ಜಾಸ್ತಿ ಹಿಡಿಯುವ ಡ್ಯಾಂನಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನ, ಎಲ್ಲಾ ಗೇಟು ಬದಲಿಸುವ ಮಾತು, ಎರಡನೇ ಬೆಳೆಗೆ ನೀರಿಲ್ಲ ಅಂತ ರೈತರ ಸಿಟ್ಟು. ಸಿರುಗುಪ್ಪ, ಗಂಗಾವತಿ ಕಡೆ ಭತ್ತ ಬೆಳೆಯುವವರಿಗೆ ಗೇಟ್ ಮುರಿದ ರಾತ್ರಿಗಿಂತ ಇದು ದೊಡ್ಡ ಸುದ್ದಿ. ಇದರ ವಿಡಿಯೋ ನನಗೆ ಯಾರೂ ಕಳಿಸಲಿಲ್ಲ. ಗದ್ದೆ ಒಣಗಿ ಬಿದ್ದಿರುವುದನ್ನು ಯಾರು ನೋಡುತ್ತಾರೆ!

ಪೇಪರನ್ನು ಹೊಗಳುತ್ತಾ ಕೂತಿದ್ದೇನೆ ಅನ್ನಬೇಡಿ. ಹಬ್ಬ ಬಂದರೆ ಮೊದಲ ಪುಟವೇ ಚಿನ್ನದಂಗಡಿ ಜಾಹೀರಾತು. ಜಿಲ್ಲೆಯ ಪುಟದಲ್ಲಿ ಹಾರ, ಶಾಲು, ದೀಪ ಹಚ್ಚುವ ಫೋಟೋಗಳೇ ಜಾಸ್ತಿ. ನಮ್ಮ ಲೇಔಟ್‌ಗೆ ನೀರು ಯಾವಾಗ ಬಿಡುತ್ತಾರೆ ಅಂತ ಯಾವ ಪೇಪರೂ ಬರೆದಿಲ್ಲ, ಬರೆಯುವುದೂ ಇಲ್ಲ. ಅದನ್ನು ಹೇಳುವುದು ನಮ್ಮ ಲೇಔಟ್‌ನ ಗ್ರೂಪು. ‘ಅಕ್ಕಾ, ನಲ್ಲಿ ಬಂತು, ಸಂಪ್ ತೆಗೀರಿ’ ಅಂತ ಮೂಲೆಮನೆಯವರು ಹಾಕುತ್ತಾರೆ. ಅದು ಯಾವತ್ತೂ ಸುಳ್ಳಾಗಿಲ್ಲ. ಯಾಕೆಂದರೆ ಸುಳ್ಳು ಹೇಳಿದರೆ ಸಂಜೆ ತರಕಾರಿ ಗಾಡಿ ಹತ್ತಿರ ನಮ್ಮ ಮುಖ ನೋಡಬೇಕಲ್ಲ.

ಇಲ್ಲಿಗೆ ನನಗೆ ಒಂದು ವಿಷಯ ಹೊಳೆಯಿತು. ಪೇಪರಿನ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲು ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು. 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಅದು ಇರಲೇಬೇಕು. ತಪ್ಪಾದರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಗಲಿ ಅಂತ. ನಮ್ಮ ಮೂಲೆಮನೆಯವರಿಗೂ ಹೆಸರು, ಬಾಗಿಲು ಎರಡೂ ಇದೆ. ಜೋಡಿ ಬಾಣದ ಸಂದೇಶಕ್ಕೆ ಎರಡೂ ಇಲ್ಲ. ಹಾಗಾಗಿ ಜಗಳ ಫೋನಿಗೂ ಪೇಪರಿಗೂ ಅಲ್ಲ. ಈಗ ಎಡಗಡೆ ಪುಟದ ಅಡಿಯಲ್ಲೂ ಒಂದು ಸಾಲು ಸೇರಿಸಿದ್ದೇವೆ: ‘ಕಳಿಸಿದವರು, ಅವರಿಗೆ ಕಳಿಸಿದವರು.’ ಎರಡನೆಯ ಜಾಗ ಹೆಚ್ಚಾಗಿ ಖಾಲಿ.

ಒಂದು ಪುಟದ ಬಗ್ಗೆ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಶಾಲೆಯ ತಾಯಂದಿರ ಗ್ರೂಪಿನಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ಬಂತು. ಜೊತೆಗೆ ಯಾರದ್ದೋ ಫೋಟೋ. ಬಲಗಡೆಗೆ ಅಂಟಿಸಲು ಏನೂ ಸಿಗಲಿಲ್ಲ. ಅಲ್ಲಿ ನಾನೇ ಬರೆದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ಸುದ್ದಿ ನಂಬಿ ಜನ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಅವರ ಗುಂಪಿನವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ನಾಲ್ಕು ಸಾಲು. ಅತ್ತೆ ಓದಿಸಿಕೊಂಡು ಕೇಳಿ, ‘ಆ ಫೋಟೋದಾಗಿನ ಹುಡುಗನ ತಾಯಿ ಎಲ್ಲಿದಾಳೋ ಏನೋ’ ಅಂದರು. ಆ ಗ್ರೂಪಿನಲ್ಲಿ ನಾನು ಈ ನಾಲ್ಕು ಸಾಲನ್ನೂ ಹಾಕಿದೆ, ನನ್ನ ಹೆಸರಿನ ಸಮೇತ. ಇಬ್ಬರು ಮುನಿಸಿಕೊಂಡರು. ಇರಲಿ.

ಈಗ ಮಗಳ ಇನ್‌ಸ್ಟಾಗ್ರಾಂ ಪ್ರಕರಣ. ಹದಿಮೂರು ದಾಟಿದೆ, ಖಾತೆ ಕೊಡಿಸು ಅನ್ನುತ್ತಾಳೆ. ನಿಯಮದ ಪ್ರಕಾರ ಅವಳದ್ದೇ ಸರಿ. ಅಷ್ಟರಲ್ಲಿ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಇಂಥ ಖಾತೆ ಇಲ್ಲ ಅಂತ ಬಂತು. ಅವಳು ನೋಡಿದ ರೀಲ್‌ನಲ್ಲಿ ‘ಅಪ್ಪ ಅಮ್ಮನಿಗೆ ದಂಡ’ ಅಂತ ಇತ್ತಂತೆ. ಬಲಗಡೆಯ ಕಟಿಂಗ್ ಓದಿದರೆ ದಂಡ ಇರುವುದು ಕಂಪನಿಗಳಿಗೆ. 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಕ್ಕಳಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಅವಳೇ ಕತ್ತರಿಸಿ ಅವಳೇ ಅಂಟಿಸಿದಳು. ಆಮೇಲೆ, ‘ಅಮ್ಮಾ, ಅದು ಆಸ್ಟ್ರೇಲಿಯಾ ಅಲ್ವಾ, ಇದು ಬಳ್ಳಾರಿ’ ಅಂದಳು. ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ನನ್ನ ಪರ ಒಂದು ಮಾತೂ ಆಡಲಿಲ್ಲ.

ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಯಲಿ, ಆಮೇಲೆ ಹದಿಹರೆಯದವರ ಖಾತೆ ತೆಗೆದುಕೊಡುತ್ತೇನೆ ಅಂತ ಹೇಳಿದ್ದೇನೆ. ಅದು ಮೊದಲಿಂದಲೇ ಪ್ರೈವೇಟ್ ಇರುತ್ತದೆ, ಹದಿನಾರರ ಒಳಗಿನವರು ಆ ಬಿಗಿ ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಅವಳು ಇದಕ್ಕೆ ಪೂರ್ತಿ ಒಪ್ಪಿಲ್ಲ. ಮಾತುಕತೆ ನಡೆಯುತ್ತಿದೆ.

ಎರಡನೇ ನೋಟ್‌ಬುಕ್‌ಗೆ ಬದಲಾವಣೆಗಳು. ಅತ್ತೆ ರೇಡಿಯೋದಲ್ಲಿ ಕೇಳಿದ್ದನ್ನು ಎಲ್ಲಿ ಬರೆಯಬೇಕು ಅನ್ನುವ ಜಗಳ ಬಗೆಹರಿದಿದೆ. ಬಲಗಡೆಯೇ, ಆದರೆ ಹಸಿರು ಪೆನ್ನಿನಲ್ಲಿ. ಭಾನುವಾರ ಇನ್ನೊಂದು ಪೇಪರನ್ನೂ ತರಿಸುತ್ತಿದ್ದೇವೆ, ಒಂದೇ ಸುದ್ದಿಯನ್ನು ಇಬ್ಬರು ಹೇಗೆ ಬರೆದಿದ್ದಾರೆ ಅಂತ ಅಕ್ಕಪಕ್ಕ ನೋಡಲು. ಕಂಪ್ಲಿಯ ಮೈದುನ ಈಗ ಏನಾದರೂ ಕಳಿಸುವ ಮುಂಚೆ ‘ಅತ್ತಿಗೆ, ಇದು ನಂದಲ್ಲ, ಯಾರೋ ಕಳಿಸಿದ್ದು, ಪುಸ್ತಕಕ್ಕೆ ಹಾಕಬೇಡಿ’ ಅಂತ ಬರೆಯುತ್ತಾನೆ. ಆ ಸಾಲನ್ನೂ ಎಡಗಡೆ ಬರೆದುಕೊಂಡಿದ್ದೇವೆ. ಸದ್ಯಕ್ಕೆ ಮೈದಾ ಅಂಟು ಮುಗಿದಿದೆ, ಶನಿವಾರ ಮತ್ತೆ ಕಾಯಿಸಬೇಕು.